ಅಣ್ಣನ ನೆರಳಿನಲ್ಲಿ ಸೇವಂತಿಗೆ

ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ ಋತುಗಳು ಉಂಟಾಗುತ್ತವೆ ಎಂದು ಶಾಲೆಯಲ್ಲಿ ಕಲಿಸಿದರೇ ಹೊರತು, ಅದೇ ಕಾರಣಕ್ಕೆ ಪ್ರತಿ ಡಿಸೆಂಬರಿನಲ್ಲೂ ಬೆಂಗಳೂರಿನ ಗೃಹಸ್ಥನೊಬ್ಬನ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಯಾವ ಮೇಷ್ಟರೂ ಹೇಳಲಿಲ್ಲ. ಏಪ್ರಿಲ್ 24ರ ಸುಮಾರಿಗೆ ನಮ್ಮೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನಿಂತು, ನೆಟ್ಟ ಕಂಬಕ್ಕೂ ನೆರಳಿಲ್ಲದಂತೆ ಮಾಡುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ಅವನೇ ದಕ್ಷಿಣಕ್ಕೆ ಜಾರಿ, ಎಷ್ಟೇ ಏರಿದರೂ 54 ಡಿಗ್ರಿ ದಾಟುವುದಿಲ್ಲ. ನಮ್ಮ ಮನೆಯ ದಕ್ಷಿಣಕ್ಕೆ ತಾರಸಿಗಿಂತ 6 ಮೀಟರ್ ಎತ್ತರದ ಕಟ್ಟಡವೊಂದು ಎದ್ದಿರುವುದರಿಂದ, ಬೇಸಿಗೆಯಲ್ಲಿ ಬಿಸಿಲಿಗೆ ಬಾಡುತ್ತಿದ್ದ ಗಿಡಗಳೆಲ್ಲ ಚಳಿಗಾಲ ಬಂದೊಡನೆ ಸುಮಾರು ನಾಲ್ಕೂವರೆ ಮೀಟರ್ ಅಗಲದ ನೆರಳಿನಲ್ಲಿ ಮುಳುಗುತ್ತವೆ. ಆಗ ಅವುಗಳನ್ನು ಉತ್ತರದ, ಅಂದರೆ ರಸ್ತೆಯ ಕಡೆಯ ಮೋಟುಗೋಡೆಗೆ ಸಾಗಿಸಬೇಕು. ಈ ಕೆಲಸದಲ್ಲಿ ಆದ ಅನಾಹುತಗಳಿಗೆಲ್ಲ ಆ ಅಕ್ಷವೇ ಹೊಣೆಯೆಂಬುದು ನನ್ನ ಖಚಿತವಾದ ನಿಲುವು.

ನಮ್ಮಲ್ಲಿ ಕುಂಡವೆಂದರೆ 20 ಲೀಟರಿನ ಖಾಲಿ ಬಣ್ಣದ ಬಕೆಟ್ಟು. ನೀರು ಕುಡಿದ ಕೆಮ್ಮಣ್ಣು ತುಂಬಿದಾಗ ಅದು 30 ಕಿಲೋ ಆಸುಪಾಸಿಗೆ ಬರುತ್ತದೆ. ತೆಂಗಿನ ನಾರಿನ ಪುಡಿ ಬೆರೆಸಿದರೆ ಹಗುರವಾಗುವುದು ನಿಜ, ಆದರೆ ಈ ಜ್ಞಾನ ಹುಟ್ಟುವುದು ಎತ್ತುವ ಹೊತ್ತಿಗೇ ಹೊರತು ತುಂಬುವ ಹೊತ್ತಿಗಲ್ಲ. ಬಕೆಟ್ಟಿನ ತಂತಿಯ ಹಿಡಿಗೆ ಎರಡು ಕೊಂಡಿಗಳಿದ್ದು, ದಾರಿಯ ನಡುವೆ ಅವುಗಳಲ್ಲಿ ಒಂದು ಮಾತ್ರ ಕಳಚಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಿಟ್ಟರೆ ಬಕೆಟ್ಟು ನೆಟ್ಟಗೆ ನೆಲದ ಮೇಲೆ ಕೂರುತ್ತಿತ್ತು. ಒಂದೇ ಬಿಡುವುದರಿಂದ ಬದನೆಯ ಗಿಡವು ಸಾಷ್ಟಾಂಗವೆರಗಿ ಮಣ್ಣನ್ನೆಲ್ಲ ನನ್ನ ಪಾದಗಳಿಗೆ ಅರ್ಪಿಸುತ್ತದೆ. ಇಷ್ಟಾದ ಮೇಲೆ ಹೆಂಡತಿ ಮೇಲೆ ಬಂದು, “ರೀ, ಗಿಡಕ್ಕೆ ಬಿಸಿಲು ಬೇಕು ಸರಿ, ಬಟ್ಟೆ ಒಣಗೋದು ಬೇಡ್ವಾ?” ಎಂದು ಕೇಳಿದಾಗ, ಉಳಿದಿರುವ ಆ ಒಂದು ಪಟ್ಟಿ ಬಿಸಿಲಿಗೆ ಇನ್ನೂ ಹಳೆಯ ಹಕ್ಕುದಾರರಿದ್ದಾರೆಂದು ತಿಳಿಯುತ್ತದೆ.

ಗಿಡಗಳ ವರ್ಗಾವಣೆಯ ಜೊತೆಗೆ ಗುಜರಿಯಿಂದ ಹೊಸ ಪಾತಿಗಳನ್ನು ಮಾಡುವುದೂ ನನ್ನ ಚಳಿಗಾಲದ ಹವ್ಯಾಸ. ಗುಜರಿ ವಸ್ತುಗಳ ದೊಡ್ಡ ದೋಷವೆಂದರೆ, ಅವು ತಮ್ಮ ಪೂರ್ವಾಶ್ರಮವನ್ನು ಮರೆಯುವುದೂ ಇಲ್ಲ, ನೋಡುವವರಿಗೆ ಮರೆಯಲು ಬಿಡುವುದೂ ಇಲ್ಲ. ನಮ್ಮ ರಸ್ತೆಯ ಕೊನೆಯಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಪಾತಿಯ ಅಂಚಿಗೆಂದು ಒಂದಷ್ಟು ಮಂಗಳೂರು ಹೆಂಚುಗಳನ್ನು ತಂದೆ. ಮಣ್ಣು ತೊಳೆದಾಗ ಹೆಂಚಿನ ಬೆನ್ನಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರೆಯೂ 1865 ಎಂಬ ಇಸವಿಯೂ ಕಂಡವು. ಅದು ಕಾರ್ಖಾನೆ ಆರಂಭವಾದ ವರ್ಷ. ಮುಂದೆ ಎಷ್ಟೋ ಕಾಲದ ಮೇಲೆ ಸುಟ್ಟ ಹೆಂಚುಗಳಿಗೂ ಅದನ್ನೇ ಒತ್ತುತ್ತಿದ್ದರು. ಪಕ್ಕದ ಮನೆಯ ನಿವೃತ್ತ ಅಧಿಕಾರಿಗಳು ಈ ವಿವರಣೆಗೆ ಕಿವಿಗೊಡದೆ, “ಏನ್ ಸ್ವಾಮಿ, ಇಷ್ಟು ಪುರಾತನ ಹೆಂಚಿಗೆ ಕೊತ್ತಂಬರಿ ಸೊಪ್ಪೇ?” ಎಂದು ನೊಂದುಕೊಂಡರು. ಈಗ ಹೆಂಚುಗಳು ಟಿವಿಯ ಪಕ್ಕದ ಗಾಜಿನ ಬೀರುವಿನಲ್ಲಿವೆ. ಕೊತ್ತಂಬರಿಯನ್ನು ಅದೇ ಮನೆಯಿಂದ ತಂದಿದ್ದ ಪಿಂಗಾಣಿಯ ವಾಷ್ ಬೇಸಿನ್ನಿನಲ್ಲಿ ಬಿತ್ತಬೇಕಾಯಿತು.

ಬೇಸಿನ್ನಿಗೆ ತಳದಲ್ಲಿ ತೂತು ಮೊದಲೇ ಇರುವುದರಿಂದ ನೀರು ಬಸಿಯುವ ಚಿಂತೆಯಿಲ್ಲ. ಆದರೆ ಮೆಂತ್ಯ ಮೂರನೆಯ ದಿನಕ್ಕೆ ತಲೆಯೆತ್ತಿದರೆ, ಎರಡು ಹೋಳು ಮಾಡಿ ಬಿತ್ತಿದ ಧನಿಯಾ ವಾರ ಕಳೆದರೂ ಸುಮ್ಮನಿರುತ್ತದೆ. ಈ ಮೌನದ ಅವಧಿಯಲ್ಲೇ ಊರಿನಿಂದ ಚಿಕ್ಕಪ್ಪ ಬಂದರು. ಅವರೆಕಾಳಿನ ಉಪ್ಪಿಟ್ಟನ್ನು ತಾರಸಿಯಲ್ಲಿ ಕುಳಿತು ಮುಗಿಸಿ, ಬೇಸಿನ್ನಿನ ಬಳಿ ಹೋಗಿ ತಂಬಿಗೆಯ ನೀರಿನಲ್ಲಿ ಕೈ ತೊಳೆದು, ಬಾಯಿ ಮುಕ್ಕಳಿಸಿದರು. ನೀರು ಇಳಿಯದ್ದನ್ನು ಕಂಡು, “ಲೋ, ಇದರ ತುಂಬ ಮಣ್ಣು ಕಟ್ಕೊಂಡಿದೆಯಲ್ಲೋ” ಎಂದು ಕನಿಕರಪಟ್ಟು, ನಾನು ಕೆಳಗಿನಿಂದ ಬರುವಷ್ಟರಲ್ಲಿ ಸೀಗೆಕೋಲಿನಿಂದ ತೂತಿನವರೆಗೂ ಚುಚ್ಚಿ ಸ್ವಚ್ಛಗೊಳಿಸಿದ್ದರು. ಉಪಕಾರ ಮಾಡಿದ ಹಿರಿಯರಿಗೆ ಕೃತಜ್ಞತೆ ಹೇಳದೆ ವಿಧಿಯಿರಲಿಲ್ಲ.

ಇನ್ನು ಫ್ಲೆಕ್ಸಿನ ವಿಷಯ. ಉತ್ತರದ ಗೋಡೆಗೆ ಬಂದ ಗಿಡಗಳಿಗೆ ಬೆಳಕು ಸಾಲದೆನಿಸಿ, ಬೀದಿಯಲ್ಲಿ ಬಿದ್ದಿದ್ದ ಹಳೆಯ ಫ್ಲೆಕ್ಸೊಂದನ್ನು ಕಂಬಿಗಳಿಗೆ ಕಟ್ಟಿದೆ. ಅದರ ಬಿಳಿಯ ಬೆನ್ನು ಒಳಗಿದ್ದರೆ ಬಿಸಿಲನ್ನು ಗಿಡಗಳ ಮೇಲೆ ಪ್ರತಿಫಲಿಸುತ್ತದೆ ಎಂಬ ಲೆಕ್ಕಾಚಾರದಲ್ಲಿ ವಿಜ್ಞಾನದ ದೃಷ್ಟಿಯಿಂದ ಲೋಪವೇನೂ ಇರಲಿಲ್ಲ. ಬಿಳಿಯ ಭಾಗ ಒಳಗಾದ ಮೇಲೆ ಮುದ್ರಿತ ಭಾಗ ಹೊರಗಾಗಲೇಬೇಕಷ್ಟೆ. ಅದರಲ್ಲಿ ಕೈ ಮುಗಿದು ನಿಂತ ಸ್ಥಳೀಯ ನಾಯಕರೊಬ್ಬರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳಿದ್ದವು. ಮೇಲಂಚು ಹರಿದು ಗಟ್ಟಿಯಾದ ತೂತುಗಳು ಕೆಳಗೆ ಮಾತ್ರ ಉಳಿದಿದ್ದ ಕಾರಣ, ನಾಯಕರು ರಸ್ತೆಗೆ ತಲೆಕೆಳಗಾಗಿ ಕೈ ಮುಗಿದರು.

ಸಂಜೆಯೇ ಬೈಕುಗಳಲ್ಲಿ ಯುವಕರು ಬಂದು, “ಅಂಕಲ್, ಅಣ್ಣನ್ನ ಹಿಂಗೆ ನೇತಾಕೋದಾ?” ಎಂದು ಕೇಳಿದರು. ಪ್ರತಿಫಲನದ ನಿಯಮವನ್ನು ಅವರಿಗೆ ವಿವರಿಸುತ್ತಾ ಹೋದಂತೆ ಅವರ ಮುಖ ಇನ್ನಷ್ಟು ಕೆಂಪಾಗುತ್ತಿತ್ತು. ಹೆಂಡತಿ ನಡುವೆ ಬಂದು, “ಹಳೇದು ಹರಿದುಹೋಗಿತ್ತಪ್ಪಾ, ಬೀದೀಲಿ ತುಳೀತಿದ್ರು ಅಂತ ಎತ್ತಿಟ್ಟಿದ್ವಿ” ಎಂದೊಡನೆ ಸಮಸ್ಯೆ ಬಗೆಹರಿಯಿತು. ಬಗೆಹರಿದದ್ದು ಎಷ್ಟರಮಟ್ಟಿಗೆಂದರೆ, ಮರುದಿನ ಅವರೇ ಬಂದು, ಬಿದಿರುಗಳನ್ನು ನೆಟ್ಟು, ಹತ್ತು ಅಡಿ ಎತ್ತರದ ಹೊಸ ಫ್ಲೆಕ್ಸನ್ನು ತಲೆ ಮೇಲಾಗಿಯೇ ಕಟ್ಟಿ ಹೋದರು.

ಇಲ್ಲಿ ಸೇವಂತಿಗೆಯ ಸಂಗತಿ ಹೇಳಬೇಕು. ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘವಾದ, ಬೆಳಕಿನ ಅಡ್ಡಿಯಿಲ್ಲದ ರಾತ್ರಿ ಬೇಕು. ನಮ್ಮ ಉತ್ತರದ ಗೋಡೆಯ ನೇರಕ್ಕೆ ಬೀದಿಯ ಎಲ್‌ಇಡಿ ದೀಪವಿದ್ದು, ಇರುಳಿಡೀ ಬೆಳಗುತ್ತಿತ್ತು. ಗಿಡಗಳು ಹಸಿರಾಗಿ ಹಬ್ಬಿದರೂ ಮೊಗ್ಗಿನ ಸುಳಿವಿರಲಿಲ್ಲ. ಹೆಂಡತಿ ಪೂಜೆಗೆ ಮಾರುಗಟ್ಟಲೆ ಸೇವಂತಿಗೆಯನ್ನು ಕೊಂಡು ತಂದು, ಅದೇ ಗಿಡಗಳ ಮುಂದೆಯೇ ಹಾದುಹೋಗಿ ತುಳಸಿಗೆ ಮುಡಿಸುತ್ತಿದ್ದಳು. ಡಿಸೆಂಬರ್ 22ರಿಂದಲೇ ಸೂರ್ಯ ಉತ್ತರಕ್ಕೆ ತಿರುಗುವುದರಿಂದ ಕುಂಡಗಳನ್ನು ವಾಪಸು ಒಯ್ಯೋಣವೆಂದು ನಾನು, ಸಂಕ್ರಾಂತಿ ಕಳೆಯಲಿ ಎಂದು ಅವಳು ವಾದಿಸುತ್ತಿದ್ದೆವು. ಆ ಮೂರು ವಾರಗಳಲ್ಲಿ ಸೂರ್ಯ ಮೇಲೇರುವುದು ಎರಡು ಡಿಗ್ರಿಯಷ್ಟೇ ಆದ್ದರಿಂದ ನನ್ನ ಸೊಂಟ ಅವಳ ಪಕ್ಷ ವಹಿಸಿತು.

ಹೀಗೆ ಕುಂಡಗಳು ಅಲ್ಲೇ ಉಳಿದು, ಹೊಸ ಫ್ಲೆಕ್ಸು ಬೀದಿ ದೀಪಕ್ಕೆ ಅಡ್ಡವಾಗಿ, ಸೇವಂತಿಗೆಗೆ ಬೇಕಾದ ಕತ್ತಲೆ ಅಣ್ಣನ ಬೆನ್ನ ಹಿಂದೆ ದೊರೆಯಿತು. ಫೆಬ್ರವರಿಯಲ್ಲಿ ಕಡಲೆಕಾಳಿನ ಗಾತ್ರದ ಮೊಗ್ಗುಗಳು ಕಂಡುಬಂದವು. ಅಷ್ಟರಲ್ಲಿ ಹುಟ್ಟುಹಬ್ಬ ಮುಗಿದು, ಯುವಕರು ಫ್ಲೆಕ್ಸನ್ನು ಬಿಚ್ಚಲು ಬಂದರು. ಹೂವರಳುವವರೆಗೆ ದಯಮಾಡಿ ಬಿಚ್ಚಬೇಡಿರೆಂದು ನಾನು ಅಕ್ಷರಶಃ ಕೈ ಮುಗಿದಾಗ, ಇಂಥ ನಿಷ್ಠೆಯನ್ನು ಅವರು ಪಕ್ಷದೊಳಗೂ ಕಂಡಿರಲಿಲ್ಲವೆಂದು ತೋರುತ್ತದೆ. ಬಡಾವಣೆಯ ಅಭಿಮಾನಿ ಬಳಗಕ್ಕೆ ನನ್ನನ್ನು ಗೌರವಾಧ್ಯಕ್ಷನನ್ನಾಗಿ ಮಾಡಿದ್ದಾರಂತೆ. ಯುಗಾದಿಯ ಫ್ಲೆಕ್ಸಿನ ಕೆಳಸಾಲಿಗೆ ನನ್ನದೊಂದು ಫೋಟೋ ಬೇಕೆಂದು ಅವರು ಕೇಳಿದಾಗ, ಹೆಂಡತಿ ಹುಡುಕಿ ಹುಡುಕಿ ನನ್ನ ಆಧಾರ್ ಕಾರ್ಡಿನದನ್ನೇ ಕೊಟ್ಟು ಕಳಿಸಿದ್ದಾಳೆ.