ಇನ್ನೂ ಇದೇ ಕಾರಾ ಮೇಷ್ಟ್ರೇ?

ಹೊಸಬರು ಪರಿಚಯವಾದರೆ ಊರು ಯಾವುದು, ಮನೆ ಎಲ್ಲಿ ಅಂತ ಕೇಳುತ್ತಾರೆ. ಹಳಬರು ಸಿಕ್ಕರೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಇನ್ನೂ ಇದೇ ಕಾರಾ ಮೇಷ್ಟ್ರೇ?" ದನಿಯಲ್ಲಿ ಅರ್ಧ ಕನಿಕರ, ಅರ್ಧ ತಮಾಷೆ. ಸಂಬಳ ಬರುತ್ತೆ, ಸಾಲ ಕೊಡ್ತೀವಿ ಅಂತ ಬ್ಯಾಂಕಿನವರು ದಿನಾ ಫೋನ್ ಮಾಡುತ್ತಾರೆ, ಆದರೂ ಈ ಮನುಷ್ಯನಿಗೆ ಏನಾಗಿದೆ ಅಂತ ಅವರಿಗೆ ಅನುಮಾನ. ಮದುವೆಗೆ ಹೋದರೆ ಇನ್ನೊಂದು ಮಜಾ. ಕಲ್ಯಾಣ ಮಂಟಪದ ಗೇಟಿನಲ್ಲಿ ಸೀಟಿ ಹಿಡಿದು ನಿಂತ ಹುಡುಗ ದೊಡ್ಡ ಗಾಡಿಗಳನ್ನೆಲ್ಲ ಬಾಗಿಲ ಹತ್ತಿರಕ್ಕೆ ಬಿಟ್ಟು, ನನ್ನನ್ನು ಮಾತ್ರ ಅಡುಗೆಮನೆ ಹಿಂದಕ್ಕೆ ಕಳಿಸುತ್ತಾನೆ. ನನಗೆ ಬೇಜಾರಿಲ್ಲ. ಊಟಕ್ಕೆ ಅದೇ ಹತ್ತಿರದ ದಾರಿ.

ನನ್ನದು 1994ರ ಮಾರುತಿ 800. ಚಿಕ್ಕಮಗಳೂರಿನ ಮನೆಯಿಂದ ಬೇಲೂರಿನ ಕಾಲೇಜಿಗೆ ಸುಮಾರು 25 ಕಿಲೋಮೀಟರ್. ಬೆಳಿಗ್ಗೆ ಹೋಗುವುದು, ಸಂಜೆ ಬರುವುದು ಎರಡೂ ಇದರಲ್ಲೇ. ನಾನು ಮೂರನೇ ಮಾಲೀಕ. ಮೊದಲನೆಯವರು ಕಾಫಿ ತೋಟದವರು. ಅವರು ಅಂಟಿಸಿದ ಶ್ರೀ ಮಂಜುನಾಥಸ್ವಾಮಿ ಸ್ಟಿಕ್ಕರ್ ಡ್ಯಾಶ್‌ಬೋರ್ಡಿನ ಮೇಲೆ ಇನ್ನೂ ಇದೆ. ಎರಡನೆಯವರು ಒಬ್ಬ ಕಂಟ್ರಾಕ್ಟರು. ಅವರ ಕಾಲದ ಸಿಮೆಂಟು ಹಿಂದಿನ ಸೀಟಿನ ಸಂದಿಯಲ್ಲಿ ಇವತ್ತಿಗೂ ಸಿಗುತ್ತೆ. ನಾನು ಸೇರಿಸಿದ್ದು ಸೀಮೆಸುಣ್ಣದ ಪುಡಿ.

ಈ ಕಾರಿಗೂ ನಮ್ಮ ಜಿಲ್ಲೆಗೂ ಒಂದು ಋಣಾನುಬಂಧ ಇದೆ ಅನ್ನುವುದು ನನ್ನ ವಾದ. 1983ರ ಡಿಸೆಂಬರಿನಲ್ಲಿ ಮೊಟ್ಟಮೊದಲ ಮಾರುತಿ 800ರ ಕೀಯನ್ನು ಕೊಂಡವರ ಕೈಗೆ ಕೊಟ್ಟವರು ಪ್ರಧಾನಿ ಇಂದಿರಾ ಗಾಂಧಿ. ಅದಕ್ಕೆ ಐದು ವರ್ಷ ಮುಂಚೆ, 1978ರ ಉಪಚುನಾವಣೆಯಲ್ಲಿ, ಸೋತು ಕೂತಿದ್ದ ಅವರನ್ನು ಮತ್ತೆ ಲೋಕಸಭೆಗೆ ಕಳಿಸಿದ್ದು ಚಿಕ್ಕಮಗಳೂರು. ನಾವು ಆವತ್ತು ಓಟು ಹಾಕದೇ ಹೋಗಿದ್ದರೆ ಇವತ್ತು ಈ ಕಾರಿನ ಕಥೆ ಏನಾಗುತ್ತಿತ್ತೋ ಅಂತ ಸ್ಟಾಫ್ ರೂಮಿನಲ್ಲಿ ಆಗಾಗ ಹೇಳುತ್ತೇನೆ. ಇತಿಹಾಸದ ಮೇಷ್ಟ್ರು ಇನ್ನೂ ಒಪ್ಪಿಲ್ಲ.

ಅದಿರಲಿ. ಜನ ನಿಜವಾಗಿ ಕೇಳಬೇಕು ಅಂದುಕೊಂಡಿರುವುದು ಬೇರೆ. ದಿನಾ ಓಡಾಡೋಕೆ ಇದನ್ನ ನಂಬಬಹುದಾ ಅಂತ. ನಂಬುವುದು ಅಂದರೆ ಕೆಡಲೇಬಾರದು ಅಂತ ಎಲ್ಲರ ಲೆಕ್ಕ. ಕೆಡುತ್ತೆ ಸ್ವಾಮಿ. ಆದರೆ ಹೇಳಿ ಕೆಡುತ್ತೆ.

ಕ್ಲಚ್ ಕೇಬಲ್ ತಗೊಳ್ಳಿ. ಅದು ಒಂದೇ ಏಟಿಗೆ ಕಿತ್ತು ಹೋಗುವುದು ಅಪರೂಪ. ಒಳಗಿನ ತಂತಿ ಒಂದೊಂದೇ ಎಳೆಯಾಗಿ ಬಿಡುತ್ತಾ ಬರುತ್ತೆ. ಪೆಡಲ್ ಗಟ್ಟಿಯಾಗುತ್ತೆ, ಮೊಣಕಾಲಿಗೆ ಗೊತ್ತಾಗುತ್ತೆ. ಫ್ಯಾನ್ ಬೆಲ್ಟ್ ಸಡಿಲವಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕಿರ್ರೋ ಅನ್ನುತ್ತೆ, ಪಕ್ಕದ ಮನೆಯವರೂ ಎದ್ದು ಬರುತ್ತಾರೆ. ಚಕ್ರದ ಬೇರಿಂಗ್ ಹೋಗುವ ಮುಂಚೆ ಗುಂಯ್ ಅಂತ ಒಂದು ರಾಗ ಶುರುವಾಗುತ್ತೆ. ನನಗೆ ಸಂಗೀತ ಬರಲ್ಲ, ಆದರೂ ಈ ರಾಗಗಳೆಲ್ಲ ಪರಿಚಯ.

ನಮ್ಮ ಸಹೋದ್ಯೋಗಿಯೊಬ್ಬರ ಹೊಸ ಕಾರು ಹಾಸನದ ದಾರಿಯಲ್ಲಿ ಒಂದು ಹಳದಿ ದೀಪ ತೋರಿಸಿತು. ಸದ್ದಿಲ್ಲ, ವಾಸನೆ ಇಲ್ಲ, ಹೊಗೆ ಇಲ್ಲ. ಸುಮ್ನೆ ಒಂದು ದೀಪ. ಆಮೇಲೆ ಎಷ್ಟು ಒತ್ತಿದರೂ ಗಾಡಿ ತೆವಳುವುದೇ. ಲಾರಿ ಮೇಲೆ ಹೇರಿಕೊಂಡು ಹೋದರು. ಲ್ಯಾಪ್‌ಟಾಪ್ ಹಾಕಿ ನೋಡಿದರು. ಒಂದು ಸೆನ್ಸರ್ ಕೆಟ್ಟಿದೆ, ಬೆಂಗಳೂರಿನಿಂದ ಬರಬೇಕು ಅಂದರು. ಅದು ಬರುವ ತನಕ ಅವರು ಕಾಲೇಜಿಗೆ ಬಂದಿದ್ದು ನನ್ನ ಕಾರಿನಲ್ಲಿ. ಬಾಗಿಲು ಎರಡು ಸಲ ಎಳೆದು ಹಾಕಬೇಕು ಅನ್ನುವುದನ್ನು ಬೇಗ ಕಲಿತರು.

ನನ್ನ ಕಾರಿಗೆ ಲ್ಯಾಪ್‌ಟಾಪ್ ಬೇಡ. ಅದಕ್ಕೆ ನಮ್ಮ ಮೆಕ್ಯಾನಿಕ್ ಭಾಯಿ ಇದ್ದಾರೆ. ಮೊನ್ನೆ ಮಳೆಗಾಲಕ್ಕೆ ಮುಂಚೆ ಇಂಜಿನ್ ಒಂದು ಥರಾ ಕುಂಟುತ್ತಿತ್ತು. ಐಡ್ಲಿಂಗಿನಲ್ಲಿ ಇಡೀ ಗಾಡಿ ನಡುಗುವುದು, ಏರಿನಲ್ಲಿ ಎಳೆಯದೇ ಇರುವುದು. ಭಾಯಿ ಬಾನೆಟ್ ಎತ್ತಿದರು. ಉದ್ದನೆಯ ಸ್ಕ್ರೂಡ್ರೈವರಿನ ಮೂತಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ನಿಂತರು. "ಒಳಗೆ ಚೆನ್ನಾಗಿದೆ" ಅಂದರು. ಆಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು, ಇಂಜಿನ್ ಓಡುತ್ತಿರುವಾಗಲೇ, ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಿತ್ತು ಹಾಕಿದರು. ಇರೋದೇ ಮೂರು ಸಿಲಿಂಡರ್. ಮೊದಲನೆಯದನ್ನು ಕಿತ್ತಾಗ ಇಂಜಿನ್ ಇನ್ನೂ ಕುಂಟಿತು. ಎರಡನೆಯದಕ್ಕೂ ಹಾಗೇ. ಮೂರನೆಯದನ್ನು ಕಿತ್ತಾಗ ಸದ್ದಿನಲ್ಲಿ ಏನೂ ಬದಲಾವಣೆ ಇಲ್ಲ. "ಇವನೇ ಮೇಷ್ಟ್ರೇ, ಕೆಲಸಕ್ಕೆ ಬರ್ದೆ ಸಂಬಳ ತಗೊಳ್ತಿರೋನು." ಆ ಪ್ಲಗ್ ಬಿಚ್ಚಿದರೆ ತುದಿ ಮಸಿ ಮಸಿ. ವಯರ್ ಬ್ರಶ್ಶಿನಲ್ಲಿ ಉಜ್ಜಿ, ಗ್ಯಾಪ್ ಸರಿಮಾಡಿ, ಮತ್ತೆ ಹಾಕಿದರು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟಿಗೆ ಒಂದು ಚೂರು ಎಮರಿ ಕಾಗದ ತಿಕ್ಕಿದರು. ಅಷ್ಟೇ. ನಾನು ತರಿಸಿದ ಟೀ ಆರುವಷ್ಟರಲ್ಲಿ ಮೂರೂ ಸಿಲಿಂಡರ್ ದುಡಿಯುತ್ತಿದ್ದವು.

ಸ್ಪೇರ್ ಪಾರ್ಟ್ಸ್ ಸಿಗುತ್ತಾ ಅಂತ ಕೇಳುವವರು ಇದ್ದಾರೆ. ಸಿಗುತ್ತೆ. 800 ತಯಾರಿಕೆ 2014ರ ಜನವರಿಗೇ ನಿಂತಿತು ನಿಜ. ಆದರೆ ಇದೇ 796 ಸಿಸಿ ಇಂಜಿನ್ ಇದ್ದ ಓಮ್ನಿ 2019ರ ತನಕ ಬಂತು. ಹಾಲಿನವರು, ತರಕಾರಿಯವರು, ಶಾಲೆ ಮಕ್ಕಳನ್ನು ಸಾಗಿಸುವವರು ಓಮ್ನಿ ಓಡಿಸುವ ತನಕ ನನ್ನ ಕಾರಿಗೆ ನೆಂಟರಿಷ್ಟರು ಇದ್ದಾರೆ ಅಂತಲೇ ಲೆಕ್ಕ. ನನ್ನ ಚಿಂತೆ ಇರುವುದು ಭಾಯಿಯ ಕಿವಿ ಬಗ್ಗೆ. ಅವರ ಮಗ ಹಾಸನದ ಒಂದು ಶೋರೂಮಿನಲ್ಲಿ ಕೆಲಸಕ್ಕಿದ್ದಾನೆ. ಬುದ್ಧಿವಂತ ಹುಡುಗ. ಒಮ್ಮೆ ರಜೆಯಲ್ಲಿ ಬಂದಾಗ ನನ್ನ ಕಾರಿನ ಬಾನೆಟ್ ಎತ್ತಿ, "ಇದರಲ್ಲಿ ಸ್ಕ್ಯಾನರ್ ಎಲ್ಲಿ ಹಾಕೋದು ಅಬ್ಬಾ?" ಅಂತ ಅಪ್ಪನನ್ನು ಕೇಳಿದ. ಪಾರ್ಟು ಗುಜರಿಯಲ್ಲಾದರೂ ಸಿಗುತ್ತೆ, ಅಂಥ ಕಿವಿ ಎಲ್ಲಿಂದ ತರುವುದು?

ಮಳೆಗಾಲ ಮಾತ್ರ ಪರೀಕ್ಷೆಯೇ. ಜೂನ್‌ನಲ್ಲಿ ಶುರುವಾದರೆ ನಮ್ಮ ಕಡೆ ಬಟ್ಟೆಯೇ ಒಣಗಲ್ಲ, ಇನ್ನು ಡಿಸ್ಟ್ರಿಬ್ಯೂಟರ್ ಮುಚ್ಚಳ ಹೇಗೆ ಒಣಗಿರುತ್ತೆ? ಒಳಗೆ ತೇವ ಕೂತರೆ ಕಿಡಿ ಹಾರಲ್ಲ, ಗಾಡಿ ಸ್ಟಾರ್ಟ್ ಆಗಲ್ಲ. ಅದಕ್ಕೇ ಡ್ರೈವರ್ ಸೀಟಿನ ಕೆಳಗೆ ಒಂದು ಒಣ ಬನಿಯನ್ ತುಂಡು ಪ್ಲಾಸ್ಟಿಕ್ ಕವರಿನಲ್ಲಿ ಸದಾ ಇರುತ್ತೆ. ಮುಚ್ಚಳ ತೆಗೆ, ಒರೆಸು, ಹಾಕು, ಚೋಕ್ ಎಳೆ, ಕೀ ತಿರುಗಿಸು. ಬಾಗಿಲಿನ ರಬ್ಬರ್ ಹಳೆಯದಾಗಿ ಕಾಲಡಿಗೆ ನೀರು ಬರುತ್ತೆ, ಮ್ಯಾಟ್ ಎತ್ತಿ ಒಣಗಿಸದಿದ್ದರೆ ತಳ ತುಕ್ಕು ಹಿಡಿಯುತ್ತೆ. ಇನ್ನೊಂದು ಕಾಟ ಇಲಿ. ಹೊರಗೆ ಜಡಿಮಳೆ, ಇಂಜಿನ್ ಮೇಲೆ ಬೆಚ್ಚಗೆ. ಅವಕ್ಕೆ ಇನ್ನೇನು ಬೇಕು? ಬಂದು ಮಲಗಿದರೆ ಪರವಾಗಿಲ್ಲ, ವಯರ್ ಕಡಿಯುತ್ತವೆ. ಬಾನೆಟ್ಟಿನ ಕೆಳಗೆ ಹೊಗೆಸೊಪ್ಪಿನ ಒಂದು ಕಟ್ಟು ಸಿಕ್ಕಿಸಿಟ್ಟಿದ್ದೇನೆ. ಸಂತೆಯಲ್ಲಿ ನಾನು ಹೊಗೆಸೊಪ್ಪು ಕೊಳ್ಳುವುದನ್ನು ಕಂಡ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು, "ಸಾರ್, ನೀವೂನಾ?" ಅಂದಳು. ಕಾರಿಗೆ ಅಂದರೆ ನಂಬಲಿಲ್ಲ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ, ಇದರಲ್ಲಿ ಸಿಗುವ ನೆಮ್ಮದಿ ಹೊಸ ಕಾರಿನವರಿಗೆ ಇಲ್ಲ. ಶನಿವಾರ, ಭಾನುವಾರ ಕೈಮರದ ಕಡೆ ಹೋಗಿ ನೋಡಿ. ಮುಳ್ಳಯ್ಯನಗಿರಿಗೆ ಹೊರಟ ಗಾಡಿಗಳ ಸಾಲು. ಎದುರಿನಿಂದ ಒಂದು ಜೀಪು ಬಂದರೆ ಸಾಕು, ದೊಡ್ಡ ದೊಡ್ಡ ಕಾರಿನವರು ಕನ್ನಡಿ ಮಡಚಿ, ಕಿಟಕಿ ಇಳಿಸಿ, "ಬರುತ್ತಾ ನೋಡ್ರೀ, ಚರಂಡಿ ಎಷ್ಟು ದೂರ ಇದೆ ನೋಡ್ರೀ" ಅಂತ ಮನೆಮಂದಿಯನ್ನೆಲ್ಲ ಕೆಳಗೆ ಇಳಿಸಿರುತ್ತಾರೆ. ನನ್ನ ಕಾರಿನ ಅಗಲ ಒಂದೂವರೆ ಮೀಟರೂ ಇಲ್ಲ. ಎಡಕ್ಕೆ ಒಂಚೂರು ಸರಿದರೆ ಮುಗಿಯಿತು. ಕಾಫಿ ಗಿಡದ ಕೊಂಬೆ ಬಾಗಿಲಿಗೆ ಗೀಚಿದರೆ ಗೀಚಲಿ, ಅಲ್ಲಿ ಆಗಲೇ ಗೀರುಗಳಿವೆ. ತೋಟದ ನೆಂಟರ ಮನೆಯಿಂದ ಹಲಸಿನ ಹಣ್ಣು, ಗೊಬ್ಬರದ ಚೀಲ, ಬಾಳೆಗೊನೆ ಯಾವುದನ್ನು ಬೇಕಾದರೂ ಹಿಂದಿನ ಸೀಟಿಗೆ ಹಾಕಬಹುದು. ಬಾಳೆಯ ಕಲೆ ಹತ್ತುತ್ತೆ ಅಂತ ಯಾರೂ ಹೆದರುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ನೆನೆಸಿಕೊಂಡರೆ ತಲೆನೋವು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ, ಜೊತೆಗೆ ಗ್ರೀನ್ ಟ್ಯಾಕ್ಸ್. 2022ರ ಏಪ್ರಿಲ್‌ಗೆ ಮುಂಚೆ ನವೀಕರಣದ ಶುಲ್ಕ 600 ರೂಪಾಯಿ ಇತ್ತು. ಅಲ್ಲಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ವಯಸ್ಸಾದ ಹಾಗೆಲ್ಲ ನನ್ನ ಕಾರಿನ ಬೆಲೆ ಏರಿಸುತ್ತಿರುವುದು ಸರ್ಕಾರ ಮಾತ್ರ. ಆರ್‌ಟಿಒ ಆಫೀಸಿನ ಬಯಲಿನಲ್ಲಿ ನಿಂತು ಚಾಸಿ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ತಿಕ್ಕಿ, ಅಚ್ಚು ತೆಗೆಯುವ ಕೆಲಸ ಮಾತ್ರ ನನಗೆ ಇಷ್ಟ. ತುಕ್ಕಿನ ಕೆಳಗಿಂದ ಅಂಕಿಗಳು ಒಂದೊಂದೇ ಎದ್ದು ಬರುತ್ತವೆ. ಇದರ ಮಧ್ಯೆ 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಿಗೆಲ್ಲ ಹೊಸ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿ ಅಂತ ಬಂತು. ಹಾಕಿಸಿದೆ. ಬಣ್ಣ ಮಾಸಿದ ಬಂಪರಿನ ಮೇಲೆ ಅದು ಅಜ್ಜನಿಗೆ ಕಟ್ಟಿಸಿದ ಹೊಸ ಹಲ್ಲುಸೆಟ್ಟಿನ ಹಾಗೆ ಫಳಫಳ ಅನ್ನುತ್ತೆ.

ಈಗಿನ ಹೊಸ ತಲೆನೋವು ಪೆಟ್ರೋಲಿನದು. ಬಂಕಿನಲ್ಲಿ ಬರುವುದು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್. ಕಬ್ಬು, ಮುಸುಕಿನ ಜೋಳದಿಂದ ತೆಗೆಯುವುದಂತೂ ಸರಿ, ಬೇಲೂರು ಕಡೆ ಜೋಳ ಬೆಳೆಯುವವರಿಗೆ ನಾಲ್ಕು ಕಾಸು ಬಂದರೆ ನನಗೂ ಖುಷಿ. ಆದರೆ 1994ರಲ್ಲಿ ಈ ಕಾರಿಗೆ ಹಾಕಿದ ರಬ್ಬರು, ಗ್ಯಾಸ್ಕೆಟ್ಟುಗಳಿಗೆ ಎಥನಾಲಿನ ಪರಿಚಯ ಇರಲಿಲ್ಲ. ಭಾಯಿ ಹಳೇ ಪೆಟ್ರೋಲ್ ಪೈಪನ್ನು ಕಿತ್ತು ಬಗ್ಗಿಸಿ ತೋರಿಸಿದರು, ಉದ್ದಕ್ಕೂ ಬಿರುಕು. ಪೈಪುಗಳನ್ನೆಲ್ಲ ಬದಲಾಯಿಸಿದೆವು. ಎಥನಾಲ್ ನೀರಿನ ಪಸೆಯನ್ನೂ ಎಳೆದುಕೊಳ್ಳುತ್ತೆ. ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಓಡಿಸ್ತಾ ಇರಿ, ಟ್ಯಾಂಕ್ ಹೊಸದಾಗ್ತಾ ಇರಲಿ ಅಂದರು. ಹಳೇ ಕಾರಿನ ಗುಟ್ಟೇ ಅದು. ಶೆಡ್ಡಿನಲ್ಲಿ ನಿಲ್ಲಿಸಿದರೆ ಬ್ಯಾಟರಿ ಇಳಿಯುತ್ತೆ, ಕಾರ್ಬೊರೇಟರಿನಲ್ಲಿ ಅಂಟು ಕಟ್ಟುತ್ತೆ, ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಹಿಡಿದು ಕೂರುತ್ತೆ. ದಿನಾ ಓಡಿದರೆ ಇದ್ಯಾವುದೂ ಇಲ್ಲ. ಮುದ್ದು ಮಾಡಿ ಇಟ್ಟುಕೊಂಡವರ ಕಾರುಗಳೇ ಬೇಗ ಗುಜರಿ ಸೇರಿದ್ದನ್ನು ನಾನು ನೋಡಿದ್ದೇನೆ.

ಒಂದು ಮಾತು ಮಾತ್ರ ಮುಚ್ಚಿಡಬಾರದು. ಈ ಕಾರಿಗೆ ಏರ್‌ಬ್ಯಾಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇಲ್ಲ. ತಗಡು ತೆಳು. ಯಾವ ಭಾಯಿಯೂ ಇದನ್ನು ರಿಪೇರಿ ಮಾಡಲಾರರು, ಯಾವ ಪ್ರೀತಿಯೂ ಇದನ್ನು ತುಂಬಿಕೊಡದು. "ಹಳೇ ಗಾಡಿಯ ಕಬ್ಬಿಣ ಗಟ್ಟಿ" ಅನ್ನುವವರ ಮಾತು ಸುಳ್ಳು, ನಂಬಬೇಡಿ. ಅದಕ್ಕೇ ಮಂಗಳೂರಿಗೆ ಹೋಗಬೇಕಾದರೆ ನಾನು ಬಸ್ಸು ಹತ್ತುತ್ತೇನೆ. ಶಿರಾಡಿಯಲ್ಲಿ ಗ್ಯಾಸ್ ಟ್ಯಾಂಕರುಗಳ ಮಧ್ಯೆ, ಚಾರ್ಮಾಡಿಯ ಮಂಜಿನ ತಿರುವುಗಳಲ್ಲಿ, ಅದೂ ರಾತ್ರಿ, ಹನ್ನೆರಡು ಇಂಚಿನ ಚಕ್ರ ಇಟ್ಟುಕೊಂಡು ಹೋಗುವ ಶೋಕಿ ನನಗಿಲ್ಲ. ಬೇಲೂರಿನ ದಾರಿ, ಊರೊಳಗೆ, ಸಂತೆ, ನೆಂಟರ ತೋಟ. ಇದರ ಲೋಕ ಇಷ್ಟೇ. ಸೀಟ್ ಬೆಲ್ಟ್ ಹಾಕದವರಿಗೆ ಡ್ರಾಪ್ ಇಲ್ಲ.

ಹೋದ ತಿಂಗಳು ಬೆಂಗಳೂರಿನ ಒಬ್ಬ ಹುಡುಗ ಮನೆ ಮುಂದೆ ಬೈಕ್ ನಿಲ್ಲಿಸಿ, ಕಾರಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಹಳೇ 800ಗಳನ್ನು ಹುಡುಕಿ ಕೊಂಡು ಹೊಸದರ ಹಾಗೆ ಮಾಡುವುದು ಅವನ ಹವ್ಯಾಸವಂತೆ.

"ಕೊಡ್ತೀರಾ ಅಂಕಲ್? ಒಳ್ಳೇ ಪೇಂಟ್ ಮಾಡಿಸ್ತೀನಿ, ಹೊಸಾ ಸೀಟ್ ಹಾಕಿಸ್ತೀನಿ. ಕವರ್ ಹಾಕಿ ಗ್ಯಾರೇಜಲ್ಲಿ ಇಟ್ಟುಬಿಡ್ತೀನಿ. ಭಾನುವಾರ ಮಾತ್ರ ತೆಗೆಯೋದು."

"ವಾರದಲ್ಲಿ ಆರು ದಿನ ನಿಲ್ಲಿಸಿದರೆ ಇದು ಹಾಳಾಗುತ್ತೆ ಕಣಪ್ಪ," ಅಂದೆ. "ಅಲ್ಲದೆ ನಾಳೆ ಬೆಳಿಗ್ಗೆ ನಾನು ಬೇಲೂರಿಗೆ ಹೋಗೋದು ಯಾವುದರಲ್ಲಿ?"

"ಹೊಸದು ತಗೊಳ್ಳಿ ಅಂಕಲ್."

ಅಷ್ಟರಲ್ಲಿ ಒಳಗಿನಿಂದ ನಮ್ಮ ಮನೆಯವಳ ದನಿ ಕೇಳಿತು. "ರೀ, ಎಷ್ಟು ಕೊಡ್ತಾನಂತೆ ಕೇಳ್ರೀ!"