ಎಂಜಲು ನುಂಗದ ಡಾಕ್ಟರಮ್ಮ

ಅಡಿಕೆ ಸುಲಿಯೋ ಸಮಯಕ್ಕೆ ಊರಿಗೆ ಹೋಗಿದ್ದೆ, ತೀರ್ಥಹಳ್ಳಿ ಹತ್ತಿರ. ರಾತ್ರಿ ಒಂಬತ್ತಾದರೂ ಚಪ್ಪರದಡಿ ಏಳೆಂಟು ಜನ ಸುಲಿಯುತ್ತಾ ಕೂತಿದ್ದರು. ದೊಡ್ಡಮ್ಮನ ಫೋನು ಕವಳದ ಡಬ್ಬಿಗೆ ಒರಗಿತ್ತು. ಅದರಲ್ಲಿ ಬಿಳಿ ಕೋಟಿನ ಡಾಕ್ಟರಮ್ಮ ಒಬ್ಬರು ಮಂಡಿನೋವಿನ ಎಣ್ಣೆಯ ಗುಣಗಾನ ಮಾಡುತ್ತಿದ್ದರು. ಕೆನ್ನೆಯಲ್ಲಿ ಸಣ್ಣ ಮಚ್ಚೆ, ಹಣೆ ಮೇಲೆ ಹಾರುವ ನಾಲ್ಕು ಕೂದಲು.

ಎಐ, ಅಂದರೆ ಕಂಪ್ಯೂಟರಿನ ಕೃತಕ ಬುದ್ಧಿ, ಹುಟ್ಟಿಸಿದ ಮುಖವೇನೋ ಅಂತ ಅಭ್ಯಾಸಬಲದಿಂದ ಬೆರಳು ಎಣಿಸಿದೆ; ಅಂಥವುಗಳಲ್ಲಿ ಬೆರಳಿನ ಲೆಕ್ಕ ತಪ್ಪೋದುಂಟು. ಐದೇ ಇದ್ದವು. ತುಟಿಗೂ ಮಾತಿಗೂ ತಾಳೆಯಾಗುತ್ತಿತ್ತು. ನಿಜದವರೇ ಅಂದುಕೊಂಡು ಸುಮ್ನಾದೆ.

ದೊಡ್ಡಮ್ಮ ಕೈ ನಿಲ್ಲಿಸದೆ ಕೇಳಿದರು, "ಅಲ್ದಾ ಅಪ್ಪಿ, ಇವಳು ಎಂಜಲೇ ನುಂಗಲ್ವಲ್ಲ ಯಾಕೆ?"

ಮತ್ತೆ ಹಾಕಿ ನೋಡಿದೆ. ಎರಡು ನಿಮಿಷದಲ್ಲಿ ಒಂದು ಸಲವೂ ಗಂಟಲು ಅಲುಗಲಿಲ್ಲ. ಉಸಿರಿಗೂ ಬಿಡುವಿಲ್ಲ. ಐವತ್ತು ವರ್ಷ ಬಾಯಲ್ಲಿ ಕವಳ ಇಟ್ಟುಕೊಂಡೇ ಮಾತಾಡಿದವರಿಗೆ ಇದು ಕಾಣದೆ ಇರುತ್ತಾ?

ಜಪಾನಿನ ರೋಬೋಟ್ ಪ್ರೊಫೆಸರ್ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು: ಗೊಂಬೆ ತೀರಾ ಮನುಷ್ಯನ ಹತ್ತಿರ ಬಂದು ಒಂಚೂರು ತಪ್ಪಿದರೆ ನೋಡುವವರಿಗೆ ಮೈ ಜುಂ ಅನ್ನುತ್ತದೆ ಅಂತ. ಹಗಲಿನ ಬೆರ್ಚಪ್ಪನಿಗೆ ಯಾರು ಹೆದರ್ತಾರೆ? ಮುಸ್ಸಂಜೆಯಲ್ಲಿ ಗದ್ದೆ ಅಂಚಿಗೆ ಯಾರೋ ನಿಂತ ಹಾಗೆ ಕಂಡಾಗಲೇ ಎದೆ ಧಸಕ್ ಅನ್ನೋದು.

ಈಗಿನ ಎಐ ಮುಖಗಳು ಆ ಮುಸ್ಸಂಜೆಯನ್ನೂ ದಾಟಿವೆ. ಸೋಫಿ ನೈಟಿಂಗೇಲ್, ಹಾನಿ ಫರೀದ್ ಅನ್ನೋ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನ ಫೋಟೋ ನೋಡಿ ನಿಜ, ಕೃತಕ ಅಂತ ಸರಿಯಾಗಿ ಹೇಳಿದ್ದು ಶೇ 48ರಷ್ಟು ಸಲ ಮಾತ್ರ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು! ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ನಂಬಿಕೆಗೆ ಅಂಕ ಕೊಡಿ ಅಂದಾಗ ಕೃತಕ ಮುಖಗಳಿಗೇ ಸ್ವಲ್ಪ ಜಾಸ್ತಿ ಸಿಕ್ಕಿತ್ತು.

ಹಾಗಾಗಿ ಬೆರಳು, ಕಿವಿಯೋಲೆ ನೋಡಿ ಪತ್ತೆ ಹಚ್ಚಿ ಅನ್ನೋ ಸಲಹೆ ನನಗೆ ಸರಿ ಕಾಣಲ್ಲ. ನಾಳೆ ಅವು ಎಂಜಲು ನುಂಗೋದನ್ನೂ ಕಲಿಯುತ್ತವೆ. ಯಕ್ಷಗಾನದ ಬಣ್ಣದ ವೇಷ ನೋಡಿ ಮೋಸ ಅಂದವರುಂಟಾ? ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಇಣುಕಿ ನೋಡಿಯೇ ಆಟಕ್ಕೆ ಕೂರುವವರು ನಾವು. ಮುಖ ಎಷ್ಟು ಬೇಕಾದರೂ ನಿಜದಂತಿರಲಿ, ಇದು ವೇಷ ಅಂತ ಮೊದಲೇ ಹೇಳಲಿ. ಈ ಡಾಕ್ಟರಮ್ಮನ ಜಾಹೀರಾತಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

ಇವರು ಮನುಷ್ಯರೇ ಅಲ್ಲ ಅಂತ ವಿವರಿಸಿದೆ. ದೊಡ್ಡಮ್ಮ ಕೇಳಿಸಿಕೊಂಡು ಹೇಳಿದರು, "ಹೌದನಾ? ಹೋದ ತಿಂಗಳೇ ಎರಡು ಬಾಟ್ಲಿ ತರ್ಸಿದ್ನಲ್ಲ!"