ಟಿಕ್ ಅಂತದಾ, ಟೊಕ್ ಅಂತದಾ?

ಗಂಟಲು ಕಟ್ಟಿದೆ. ಶೀತ ಇಲ್ಲ, ಜ್ವರ ಇಲ್ಲ. ಬೆಳಿಗ್ಗೆ ಫೋನಿನಲ್ಲಿ ಜೀಪಿನ ಶಬ್ದ ಮಾಡಿದ್ದೇನೆ, ಅಷ್ಟೇ. ಮಾಡಿಸಿದವರು ನಮ್ಮ ಮೇಸ್ತ್ರಿ, ಅಂದರೆ ಜೀಪಿನ ಮೆಕ್ಯಾನಿಕ್. ಅವರು ಕೊಪ್ಪದಲ್ಲಿ, ಜೀಪು ಬೆಂಗಳೂರಿನ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ, ನಡುವೆ ನಾನು.

ಹಳೇ ಜೀಪು ತಂದು ಸರಿ ಮಾಡುವುದು ಅಂದರೆ ಸ್ಪ್ಯಾನರ್ ಹಿಡಿದು, ಮೈಗೆಲ್ಲ ಗ್ರೀಸ್ ಬಳಿದುಕೊಂಡು ಭಾನುವಾರ ಗಾಡಿ ಕೆಳಗೆ ಮಲಗುವುದು ಅಂತ ಜನ ತಿಳಿದಿರುತ್ತಾರೆ. ವಿಡಿಯೋಗಳಲ್ಲೂ ಹಾಗೇ ತೋರಿಸುತ್ತಾರೆ. ತುಕ್ಕು ಹಿಡಿದ ಗಾಡಿ ಲಾರಿಯಿಂದ ಇಳಿಯುತ್ತೆ, ಹಿಂದಿನಿಂದ ಯಾರೋ ಗಿಟಾರ್ ಬಾರಿಸುತ್ತಾರೆ, ಹತ್ತು ನಿಮಿಷದಲ್ಲಿ ಅದೇ ಗಾಡಿ ಫಳಫಳ ಹೊಳೆಯುತ್ತಾ ಹೊಳೆ ದಾಟುತ್ತೆ. ನಾವೇ ಬಾಯಲ್ಲಿ ಇಂಜಿನ್ ಆಗಬೇಕು ಅಂತ ಒಬ್ಬನಾದರೂ ಹೇಳಬೇಕಲ್ವಾ?

ಗಾಡಿ 1991ರ ಮಹೀಂದ್ರಾ ಎಂಎಂ 540. ಕೆಎ 18, ಅಂದರೆ ಚಿಕ್ಕಮಗಳೂರಿನ ನಂಬರ್. ಹುಟ್ಟಿದಾಗಿನಿಂದ ಕಾಫಿ ತೋಟದಲ್ಲೇ ಇತ್ತು. ಒಳಗಿರುವುದು ಫ್ರಾನ್ಸಿನ ಪ್ಯೂಜೊ ಕಂಪನಿಯಿಂದ ಬಂದ ವಿನ್ಯಾಸದ 2112 ಸಿಸಿ ಡೀಸೆಲ್ ಇಂಜಿನ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಚಳಿಯಲ್ಲಿ ಮೊದಲು ಹೀಟರ್ ಪ್ಲಗ್ ಕಾಯಿಸಬೇಕು, ಆಮೇಲೆ ಸೆಲ್ಫ್ ಹೊಡೆಯಬೇಕು. ನಿಲ್ಲಿಸುವುದಕ್ಕೆ ಕೀ ತಿರುಗಿಸಿದರೆ ಸಾಲದು, ಡೀಸೆಲ್ ಬಂದ್ ಮಾಡುವ ಸ್ಟಾಪ್ ವೈರನ್ನೂ ಎಳೆಯಬೇಕು. ಇದು ಗೊತ್ತಿಲ್ಲದ ನಮ್ಮ ಮಾವನವರು ಒಮ್ಮೆ ಕೀ ಕಿತ್ತು ಜೇಬಿಗೆ ಹಾಕಿಕೊಂಡು ಮನೆಯೊಳಗೆ ಬಂದು ಕೂತರು. ಜೀಪು ಹೊರಗೆ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. 'ಏನ್ರೀ ಇದು, ಕೀ ನನ್ ಹತ್ರ ಇದೆ' ಅಂತ ಅವರು ಕೀಯನ್ನೂ ಜೀಪನ್ನೂ ನೋಡಿದ ನೋಟ ನೀವು ನೋಡಬೇಕಿತ್ತು.

ಇಂಥ ಜೀಪಿನ ಇಂಜಿನ್ನಿನಲ್ಲಿ ಏನೋ ಒಂದು ಸೌಂಡ್ ಬರುತ್ತಿತ್ತು. ಬೆಂಗಳೂರಿನಲ್ಲಿ ಮೆಕ್ಯಾನಿಕ್ಕುಗಳಿಗೆ ಬರವೇ ಅಂತ ಕೇಳಬಹುದು. ಬರವಿಲ್ಲ. ಆದರೆ ನಮ್ಮ ಏರಿಯಾದ ಗ್ಯಾರೇಜಿನ ಹುಡುಗ ಬಾನೆಟ್ ತೆಗೆದವನೇ ಸ್ಕ್ಯಾನರ್ ಚುಚ್ಚುವ ಜಾಗ ಹುಡುಕಿದ. ಸ್ಟೇರಿಂಗ್ ಕೆಳಗೆ ಟಾರ್ಚ್ ಬಿಟ್ಟ. ಸೀಟಿನ ಕೆಳಗೆ ಬಿಟ್ಟ. ಕೊನೆಗೆ 'ಸಾರ್, ಇದಕ್ಕೆ ಏನೂ ಇಲ್ವಲ್ಲ' ಅಂದು ಮೊಬೈಲ್ ತೆಗೆದು ಜೀಪಿನ ಜೊತೆ ಸೆಲ್ಫಿ ತೆಗೆದುಕೊಂಡು ಹೋದ. ಹಾಗಾಗಿ ಗಾಡಿ ಮಾರಿದವರು ಕೊಟ್ಟ ನಂಬರೇ ಗತಿಯಾಯಿತು. 'ನಮ್ಮ ಮೇಸ್ತ್ರಿಗೆ ಫೋನ್ ಮಾಡಿ. ಅವರು ಸೌಂಡ್ ಕೇಳಿಯೇ ಹೇಳ್ತಾರೆ' ಅಂದರು. ಹೇಳುತ್ತಾರೆ ನಿಜ. ಆದರೆ ಜೀಪಿನ ಸೌಂಡ್ ಅಲ್ಲ, ನನ್ನ ಸೌಂಡ್.

ಮೊದಲ ಸಲ ನಾನು ಜಾಣತನದಿಂದ ಫೋನನ್ನು ಇಂಜಿನ್ ಪಕ್ಕ ಹಿಡಿದೆ.

'ಎಂತದೂ ಕೇಳುದಿಲ್ಲ ಮಾರಾಯ್ರೆ.'

ಇನ್ನೂ ಹತ್ತಿರ ಹಿಡಿದೆ. ಏನೂ ಇಲ್ಲ. ಈಗಿನ ಫೋನುಗಳಲ್ಲಿ ನಮ್ಮ ಮಾತನ್ನು ಉಳಿಸಿಕೊಂಡು ಹಿಂದಿನ ಗಲಾಟೆ ಅಳಿಸಿಹಾಕುವ ವ್ಯವಸ್ಥೆ ಇರುತ್ತದಲ್ಲ, ಅದು ನನ್ನ ಇಡೀ ಜೀಪನ್ನೇ ಗಲಾಟೆ ಅಂತ ತಿಳಿದು ಒರೆಸಿ ಹಾಕುತ್ತಿತ್ತು. ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. 'ಮೊಬೈಲಲ್ಲಿ ಎಲ್ಲ ಇಂಜಿನ್ನೂ ಹೊಲಿಗೆ ಮಿಷನ್ ತರ ಕೇಳ್ತದೆ. ಅದು ಬೇಡ. ನೀವು ಬಾಯಲ್ಲೇ ಮಾಡಿ' ಅಂದರು. ಅವತ್ತಿನಿಂದ ಶುರುವಾದದ್ದು ಇದು.

ಹೋಗಲಿ, ಮನೆಯಲ್ಲಿ ಮಾಡಿದರೆ ಮಾನ ಮನೆಯೊಳಗೇ ಇರುತ್ತೆ. ಮೇಸ್ತ್ರಿ ಮಾತ್ರ ತಮಗೆ ಪುರುಸೊತ್ತಾದಾಗಲೇ ಫೋನ್ ಮಾಡುವುದು. ಕಳೆದ ವಾರ ಮಾಡಿದ್ದು ಮಧ್ಯಾಹ್ನ, ನಾನು ಆಫೀಸಿನಲ್ಲಿದ್ದಾಗ. ತಪ್ಪಿಸಿಕೊಂಡರೆ ಮತ್ತೆ ಸಿಗುವ ಆಸಾಮಿ ಅಲ್ಲ. ಎದ್ದು ಪ್ಯಾಂಟ್ರಿಗೆ ಓಡಿದೆ. ಯಾರೂ ಇರಲಿಲ್ಲ. ಕಾಫಿ ಮಿಷನ್ ಹಿಂದಿನ ಮೂಲೆಗೆ ಹೋಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ.

'ಹೂಂ, ಈಗ ಹೇಳಿ. ಸೌಂಡ್ ಹ್ಯಾಂಗೆ ಬರ್ತದೆ?'

'ಟಕ್ ಟಕ್ ಟಕ್ ಅಂತ.'

'ಟಕ್ ಅಂತ ಒಂದು ಸೌಂಡೇ ಇಲ್ಲ ಮಾರಾಯ್ರೆ. ಟಿಕ್ ಅಂತದಾ, ಟೊಕ್ ಅಂತದಾ?'

'ಅಂದ್ರೆ?'

'ಟಿಕ್ ಟಿಕ್ ಆದ್ರೆ ಟ್ಯಾಪೆಟ್. ಫೀಲರ್ ಗೇಜ್ ಇಟ್ಟು ನೀವೇ ಅಡ್ಜಸ್ಟ್ ಮಾಡ್ಲಿಕ್ಕಾಗ್ತದೆ. ಟೊಕ್ ಟೊಕ್ ಆದ್ರೆ ಬಿಗ್ ಎಂಡ್ ಬೇರಿಂಗ್. ಇಂಜಿನ್ ಬಿಚ್ಬೇಕು.'

ಇಷ್ಟು ಕೇಳಿದ ಮೇಲೆ ಯಾವ ಗೃಹಸ್ಥ ತಾನೇ ಟೊಕ್ ಅಂತಾನೆ? 'ಟಿಕ್ ಟಿಕ್' ಅಂದೆ, ಎಷ್ಟು ಸಾಧ್ಯವೋ ಅಷ್ಟು ಹಗುರವಾಗಿ.

'ಸಮ ಮಾಡಿ. ಐಡಲಲ್ಲಿ ಹ್ಯಾಂಗೆ?'

'ಟಿಕ್... ಟಿಕ್... ಟಿಕ್...'

'ಆಕ್ಸಿಲೇಟರ್ ಕೊಡಿ.'

ಕೊಟ್ಟೆ. 'ಟಿಕ್ ಟಿಕ್ ಟಿಕ್ಟಿಕ್ಟಿಕ್ ಟಿಟಿಟಿಟಿಟಿ...'

'ಅದರ ಹಿಂದೆ ಇಂಜಿನ್ ಸೌಂಡ್ ಎಲ್ಲಿ? ಬರೇ ಟಿಕ್ ಟಿಕ್ ಅಂದ್ರೆ ಗಡಿಯಾರ ಆಯ್ತು. ಎರಡೂ ಒಟ್ಟಿಗೆ ಮಾಡಿ.'

ಒಂದೇ ಬಾಯಲ್ಲಿ ಎರಡು ಸೌಂಡ್ ಒಟ್ಟಿಗೆ ಹೊರಡಿಸಿ ನೋಡಿ, ಆಮೇಲೆ ಮಾತಾಡೋಣ. ನಾನು ಗಂಟಲಲ್ಲಿ ಗರ್ರ್ ಅಂತ ಹಿಡಿದುಕೊಂಡು ನಾಲಿಗೆಯಲ್ಲಿ ಟಿಕ್ ಹಾಕುತ್ತಾ ಹೋದೆ. 'ಗರ್ರ್ರ್ ಟಿಕ್ ಗರ್ರ್ರ್ ಟಿಕ್'. ಮೇಸ್ತ್ರಿಗೆ ಸ್ವಲ್ಪ ಉತ್ಸಾಹ ಬಂತು. 'ಹಾಂ, ಈಗ ಬಂತು ನೋಡಿ! ಈಗ ಕ್ಲಚ್ ಬಿಡಿ, ಫಸ್ಟ್ ಗೇರಲ್ಲಿ ಎತ್ತಿ' ಅಂದರು. ಎತ್ತಿದೆ. ನಡುವೆ ಒಂದು 'ಟಣ್' ಬಂತು. ಅದು ಹೇಗೆ ಬಂತೋ ನನಗೇ ಗೊತ್ತಿಲ್ಲ, ನಾಲಿಗೆ ಜಾರಿರಬೇಕು. 'ಅದೆಂತ ಟಣ್? ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿದೆ ಹಂಗಾರೆ' ಅಂತ ಅಲ್ಲೇ ತೀರ್ಪು ಕೊಟ್ಟರು. ಕ್ರಾಸ್ ಅಂದರೆ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಆ ಶಾಫ್ಟಿನ ಕೀಲು. ನನ್ನ ನಾಲಿಗೆ ಜಾರಿದ್ದಕ್ಕೆ ಹೊಸ ಕ್ರಾಸ್ ತರಬೇಕಾಯಿತು. ಬಿಚ್ಚಿ ನೋಡಿದರೆ ಅದು ನಿಜಕ್ಕೂ ಸವೆದಿತ್ತು ಅನ್ನುವುದು ಬೇರೆ ಮಾತು. ಅದಕ್ಕೇ ಈ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ.

ತಿರುಗಿ ನೋಡಿದರೆ ಪ್ಯಾಂಟ್ರಿ ಬಾಗಿಲಲ್ಲಿ ಯಾರೂ ಇಲ್ಲ. ಬದುಕಿದೆ ಅಂದುಕೊಂಡು ಸೀಟಿಗೆ ಹೋದೆ. ಆದರೆ ಗೋಡೆಯಾಚೆಯ ಮೀಟಿಂಗ್ ರೂಮಿನಲ್ಲಿ ಕೂತವರಿಗೆ ಎಲ್ಲವೂ ಕೇಳಿತ್ತಂತೆ. ಕಾಫಿ ಮಿಷನ್ ಹಾಳಾಗಿದೆ ಅಂತ ಅವರಲ್ಲೊಬ್ಬರು ಕಂಪ್ಲೇಂಟ್ ಕೊಟ್ಟಿದ್ದಾರೆ. ಸಂಜೆ ಹೊತ್ತಿಗೆ ಅದರ ಪ್ಲಗ್ ಕಿತ್ತು 'ರಿಪೇರಿಯಲ್ಲಿದೆ' ಅಂತ ಚೀಟಿ ಅಂಟಿಸಿದ್ದರು. ಸೋಮವಾರದವರೆಗೆ ಇಡೀ ಫ್ಲೋರಿಗೆ ಕಾಫಿ ಇಲ್ಲ. ಮಿಷನ್ನಿನವನು ಬಂದು ಎಲ್ಲ ಬಿಚ್ಚಿ ನೋಡಿ 'ಏನೂ ತೊಂದ್ರೆ ಇಲ್ಲ ಸಾರ್, ನೀರಲ್ಲಿ ಗಾಳಿ ಸೇರಿರ್ಬೇಕು' ಅಂದ. ನಾನು ತುಂಬ ಆಸಕ್ತಿಯಿಂದ ತಲೆ ಆಡಿಸಿದೆ.

ಇನ್ನು ಆ ಕ್ರಾಸ್ ತರಲು ಜೆ.ಸಿ. ರಸ್ತೆಗೆ ಹೋಗಬೇಕಿತ್ತು. ಬೆಂಗಳೂರಿನಲ್ಲಿ ಗಾಡಿ ಸಾಮಾನು ಅಂದರೆ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಅಂಗಡಿಯವರು ಮೊದಲು ಕೇಳುವುದು 'ಸ್ಯಾಂಪಲ್ ತಂದಿದೀರಾ?' ಅಂತ. ತರಲೇಬೇಕು, ಯಾಕೆಂದರೆ ಇಷ್ಟು ವರ್ಷ ಓಡಿದ ಜೀಪಿಗೆ ಯಾವ ಕಾಲದಲ್ಲಿ ಯಾರು ಯಾವ ಗಾಡಿಯದ್ದನ್ನು ತಂದು ಕೂರಿಸಿದ್ದಾರೋ ಆ ದೇವರಿಗೇ ಗೊತ್ತು. ಸವೆದ ಕ್ರಾಸನ್ನು ಪೇಪರಿನಲ್ಲಿ ಸುತ್ತಿ ಊಟದ ಬ್ಯಾಗಿನಲ್ಲಿ ಹಾಕಿಕೊಂಡು ಮೆಟ್ರೋ ಹತ್ತಲು ಹೋದೆ. ಸ್ಕ್ಯಾನರಿನಲ್ಲಿ ಏನು ಕಂಡಿತೋ, ಸೆಕ್ಯೂರಿಟಿಯಾಕೆ ಬ್ಯಾಗ್ ತೆಗೆಸಿ, ಮೊಸರನ್ನದ ಡಬ್ಬಿ ಪಕ್ಕದಲ್ಲಿ ಜಿಡ್ಡು ಮೆತ್ತಿದ ಕಬ್ಬಿಣ ನೋಡಿ 'ಏನ್ ಸಾರ್ ಇದು' ಅಂದರು. 'ಜೀಪಿನ ಕ್ರಾಸ್' ಅಂದೆ. ಪೇಪರ್ ಬಿಡಿಸಿ, ತಿರುಗಿಸಿ ನೋಡಿ, 'ಸವೆದು ಹೋಗಿದೆ' ಅಂತ ವಾಪಸ್ ಕೊಟ್ಟರು. ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತೆ, ನನಗೊಬ್ಬನಿಗೇ ಬಿಚ್ಚಿ ತೋರಿಸಬೇಕು.

ಊಟದ ಬ್ಯಾಗು ಈಗ ನನ್ನದೇ. ಮನೆಯವಳು ಹೊಸದು ತಗೊಂಡಿದ್ದಾಳೆ. ತೊಂಬತ್ತು ನಂಬರ್ ಗೇರ್ ಆಯಿಲಿನ ಗಂಧಕದ ವಾಸನೆ ಒಂದು ಸಲ ಬಟ್ಟೆಗೆ ಹತ್ತಿದರೆ ಯಾವ ಸೋಪಿಗೂ ಜಗ್ಗುವುದಿಲ್ಲ.

ಟಿಂಕರಿಂಗ್ ಕೆಲಸ ಸಲೀಸಾಗಿ ಆಯಿತು, ಹೇಳುವಂಥದ್ದೇನಿಲ್ಲ. ಫ್ಲೋರ್ ಪೂರ್ತಿ ತಿಂದು ಹೋಗಿತ್ತು, ಕತ್ತರಿಸಿ ಹೊಸ ಶೀಟ್ ಹಾಕಿಸಿದೆ. ಛಾಸಿಸ್ ನಂಬರ್ ಇರುವ ಕಡೆ ಮಾತ್ರ ಉಸಿರು ಬಿಗಿಹಿಡಿದು ನಾನೇ ಉಜ್ಜಿದೆ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ, ಮೇಲೆ ಹಸಿರು ತೆರಿಗೆ. ಆ ನಂಬರ್ ಅಳಿಸಿ ಹೋದರೆ ಗಾಡಿ ಇದ್ದೂ ಇಲ್ಲದಂತೆ. ಹಳೇ ಬಣ್ಣ ಕೆರೆಯುತ್ತಾ ಹೋದರೆ ಮೆರೂನಿನ ಕೆಳಗೆ ಬಿಳಿ, ಬಿಳಿಯ ಕೆಳಗೆ ಹಸಿರು.

ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಾಗ ಒಳಬದಿಯಲ್ಲಿ ಮೊಳೆಯಿಂದ ಗೀಚಿದ ಅಕ್ಷರ ಕಂಡಿತು. 'ಡಾಕ್ಟ್ರು 46. ಮಿಲ್ಲು 21. ಕರೆಂಟು 33.' ಊರಿನ ಪುಟ್ಟ ಎಕ್ಸ್‌ಚೇಂಜಿನ ಎರಡಂಕಿಯ ಫೋನ್ ನಂಬರುಗಳು. ಕೊನೆಯಲ್ಲಿ ಒಂದು 17 ಇತ್ತು, ಹೆಸರಿಲ್ಲದೆ. ಗಾಡಿ ಮಾರಿದವರಿಗೆ ಫೋನ್ ಮಾಡಿ ಕೇಳಿದೆ. 'ಅದು ಅಪ್ಪನ ಕೈಬರಹ. 17 ನಮ್ಮನೆದೇ' ಅಂದರು. ಮಳೆಗಾಲದಲ್ಲಿ ಅವರ ಕಡೆ ರಸ್ತೆ ಅಂತ ಏನೂ ಉಳಿಯುತ್ತಿರಲಿಲ್ಲವಂತೆ. ಹೆರಿಗೆಗೆ, ಶಾಲೆ ಪರೀಕ್ಷೆಗೆ, ಹೆಣ ಸಾಗಿಸುವುದಕ್ಕೆ, ಎಲೆಕ್ಷನ್ ಬಂದರೆ ಮೈಕ್ ಕಟ್ಟುವುದಕ್ಕೆ, ಎಲ್ಲಕ್ಕೂ ಇದೇ ಜೀಪು. ನಂಬರ್ ಇದ್ದರೂ ಮಳೆಗೆ ಲೈನ್ ಹೋಗಿರುತ್ತಿತ್ತು, ಕೊನೆಗೆ ಜೀಪೇ ಹೋಗಿ ಡಾಕ್ಟರನ್ನು ಕರೆತರುತ್ತಿತ್ತು. 'ಒಂದು ಫೋಟೋ ಕಳ್ಸಿ' ಅಂದರು. ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಪೇಂಟಿನವನು 'ಮುಚ್ಳ ಕೊಡಿ ಸಾರ್, ಅದಕ್ಕೂ ಹೊಡೆದ್ಬಿಡ್ತೀನಿ' ಅಂದ. ಹೊರಬದಿಗೆ ಮಾತ್ರ ಹೊಡಿ ಅಂದೆ.

ಅದೇನೇ ಇರಲಿ, ಟ್ಯಾಪೆಟ್ ಅಡ್ಜಸ್ಟ್ ಮಾಡಿದರೂ ಸೌಂಡ್ ಹೋಗಲಿಲ್ಲ. ಹೋಗುವುದಿಲ್ಲ ಅಂತ ಒಳಗೊಳಗೇ ಅನ್ನಿಸುತ್ತಿತ್ತು. ಇವತ್ತು ಬೆಳಿಗ್ಗೆ ಮೇಸ್ತ್ರಿ ಪುನಃ ಫೋನ್ ಮಾಡಿ ಹೊಸ ಪರೀಕ್ಷೆ ಕೊಟ್ಟರು. ಇಂಜಿನ್ ಓಡುತ್ತಿರುವಾಗಲೇ ಒಂದೊಂದು ನಾಝಲ್ ಪೈಪಿನ ನಟ್ಟನ್ನು ಸಡಿಲ ಮಾಡಬೇಕು. ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ. ಯಾವುದನ್ನು ಸಡಿಲಿಸಿದಾಗ ಸೌಂಡ್ ಇಳಿಯುತ್ತದೋ ಆ ಸಿಲಿಂಡರಿನ ಬೇರಿಂಗ್ ಮೇಲೆ ಅನುಮಾನ. ಟ್ಯಾಪೆಟ್ಟಿನ ಸೌಂಡಾದರೆ ಯಾವುದನ್ನು ಸಡಿಲಿಸಿದರೂ ಹಾಗೇ ಇರುತ್ತದೆ. ಕನ್ನಡಕ ಹಾಕಿಕೊಂಡು, ಬಟ್ಟೆ ಅಡ್ಡ ಹಿಡಿದು ಮಾಡಿದೆ. ನಾಲ್ಕನೇ ಕ್ಲಾಸಿನ ಮಗಳು ರಜೆ ಅಂತ ಪಕ್ಕದಲ್ಲೇ ನಿಂತಿದ್ದಳು. ಒಂದನೆಯದು, ಎರಡನೆಯದು, ಏನೂ ಬದಲಾಗಲಿಲ್ಲ. ಮೂರನೆಯದಕ್ಕೆ ಸೌಂಡ್ ಬಿದ್ದು ಹೋಯಿತು. ನಟ್ಟನ್ನು ಬೇಗ ಬಿಗಿ ಮಾಡಿದೆ.

ಮೇಸ್ತ್ರಿಗೆ ಎಂದಿನಂತೆ 'ಗರ್ರ್ರ್ ಟಿಕ್' ಮಾಡಿ ತೋರಿಸುತ್ತಿದ್ದೆ. ಗಂಟಲು ಒಣಗಿ ಕೆಮ್ಮು ಬಂತು. 'ಪಕ್ಕದಲ್ಲಿ ಯಾರಿದ್ದಾರೆ?' ಅಂದರು. ಮಗಳು ಅಂದೆ. 'ಅವಳಿಗೆ ಕೊಡಿ. ಮಕ್ಕಳ ಕಿವಿ ಚುರುಕು.'

ಅವಳು ಫೋನ್ ತಗೊಂಡಳು. ಒಂದು ಸಲ ಜೀಪಿನ ಕಡೆ ನೋಡಿದಳು. ಆಮೇಲೆ ಶುರು ಮಾಡಿದಳು ನೋಡಿ. ಕೆಳಗಡೆ ಡೀಸೆಲ್ ಇಂಜಿನ್ನಿನ ಗಡಗಡ, ಅದರ ಮೇಲೆ ಲಯ ತಪ್ಪದೆ, ದಪ್ಪಗೆ, ಸ್ಪಷ್ಟವಾಗಿ 'ಟೊಕ್ ಟೊಕ್ ಟೊಕ್'. ಕೇಳದೇ ಇದ್ದರೂ 'ಮೇಸ್ತ್ರಿ ಮಾಮ, ಮೂರನೇದು ಲೂಸ್ ಮಾಡಿದಾಗ ನಿಂತೋಯ್ತು' ಅಂತ ಸೇರಿಸಿದಳು.

ಆ ಕಡೆ ಮೇಸ್ತ್ರಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. 'ಇಷ್ಟು ದಿನ ಅಪ್ಪನ ಹತ್ರ ಎಂತಕ್ಕೆ ಮಾಡಿಸಿದ್ದು ನಾನು' ಅಂದರು. ಸ್ಪೀಕರ್ ಆನ್ ಇತ್ತು. 'ಇಂಜಿನ್ ಇಳಿಸಿ ಕಳ್ಸಿಕೊಡ್ಲಿಕ್ಕೆ ಹೇಳು ಮಗಾ. ಬಿಗ್ ಎಂಡೇ ಅದು.'

ಫೋನ್ ಇಟ್ಟ ಮೇಲೆ ಮಗಳು ನನ್ನ ಕಡೆ ತಿರುಗಿದಳು. 'ಅಪ್ಪಾ, ಬಿಗ್ ಎಂಡ್ ಅಂದ್ರೆ ಏನು?'

'ಮೂವತ್ತು ಸಾವಿರ' ಅಂದೆ.